ವಿಲೋ ಸಿಟಿ ಲೂಪ್‌ನಲ್ಲಿ ಒಬ್ಬರೇ ಸೈಕಲ್ ಹೊಡೆಯುವುದಾದರೆ

ಅಮೆರಿಕದ ಟೆಕ್ಸಸ್‌ನ ಗುಡ್ಡಗಾಡು ಸೀಮೆ ಹಿಲ್ ಕಂಟ್ರಿಯಲ್ಲಿ ದನ ಸಾಕುವ ವಿಶಾಲ ರ‍್ಯಾಂಚ್‌ಗಳ ನಡುವೆ ಒಂದಿಡೀ ದಿನ ಒಬ್ಬರೇ ಸೈಕಲ್ ಹೊಡೆಯಬೇಕು ಅನ್ನುವವರಿಗೆ ನಾನು ಮೊದಲು ಹೇಳುವುದು ನೀರಿನ ಮಾತು. ಫ್ರೆಡರಿಕ್ಸ್‌ಬರ್ಗ್‌ನಲ್ಲಿ ಕಾರು ನಿಲ್ಲಿಸಿ, ಹೈವೇ 16ರಲ್ಲಿ ಉತ್ತರಕ್ಕೆ ಹೋಗಿ, 1323 ಎಂಬ ಹಳ್ಳಿ ರಸ್ತೆಗೆ ಬಲಕ್ಕೆ ತಿರುಗಿದರೆ ವಿಲೋ ಸಿಟಿ. ಅಲ್ಲಿಂದ ವಿಲೋ ಸಿಟಿ ಲೂಪ್ ಎಂಬ 21 ಕಿ.ಮೀ. ಬಳಸು ರಸ್ತೆ ಮುಗಿಸಿ ಮತ್ತೆ ಹೈವೇ 16 ಹಿಡಿದು ವಾಪಸು ಬಂದರೆ ಒಟ್ಟು 75–80 ಕಿ.ಮೀ. ಲೂಪ್‌ನಲ್ಲಿ ಅಂಗಡಿ ಇಲ್ಲ, ನಲ್ಲಿ ಇಲ್ಲ, ಶೌಚಾಲಯವೂ ಇಲ್ಲ. ಹೊರಡುವಾಗಲೇ ಮೂರು ಲೀಟರ್ ನೀರು ಇರಲಿ, ಅದರಲ್ಲಿ ಒಂದು ಲೀಟರ್ ನಿಂಬೆ-ಉಪ್ಪಿನದು. ತಿನ್ನಲು ನಾನು ಶೇಂಗಾ ಉಂಡೆ ಮತ್ತು ಚಟ್ನಿಪುಡಿ ಸವರಿ ಸುತ್ತಿದ ಚಪಾತಿ ಒಯ್ಯುತ್ತೇನೆ. ಚಾಕೊಲೇಟ್ ಈ ಬಿಸಿಲಿಗೆ ಕರಗಿಹೋಗುತ್ತದೆ.

ಯಾವಾಗ ಹೋಗಬೇಕು? ಮಾರ್ಚ್ ಕೊನೆಯಿಂದ ಏಪ್ರಿಲ್‌ವರೆಗೆ ನೀಲಿ ಬ್ಲೂಬಾನೆಟ್ ಹೂವು ಅರಳಿರುತ್ತದೆ, ಆದರೆ ಶನಿವಾರ-ಭಾನುವಾರ ಕಾರುಗಳ ಸಾಲು. ಮಂಗಳವಾರವೋ ಬುಧವಾರವೋ ರಜೆ ಹಾಕಿ. ಅಕ್ಟೋಬರ್-ನವೆಂಬರ್ ನನಗೆ ಇನ್ನೂ ಇಷ್ಟ. ಬೇಸಿಗೆಯಲ್ಲಿ 38 ಡಿಗ್ರಿ ದಾಟುತ್ತದೆ, ಆಗ ಒಬ್ಬರೇ ಹೋಗಲೇಬೇಡಿ.

ಗಾಳಿಯ ದಿಕ್ಕು ಹಿಂದಿನ ರಾತ್ರಿಯೇ ನೋಡಿಕೊಳ್ಳಿ. ಇಲ್ಲಿ ವಸಂತದಲ್ಲಿ ಹೆಚ್ಚಾಗಿ ದಕ್ಷಿಣದ ಗಾಳಿ. ಹೋಗುವಾಗ ಹಿಂದಿನಿಂದ ತಳ್ಳುತ್ತದೆ. ಬರುವಾಗ, ಕಾಲು ಸೋತ ಮೇಲೆ, ಎದೆಗೆ ಬಡಿಯುತ್ತದೆ. ಉತ್ತರದಿಂದ ಚಳಿಗಾಳಿ ನುಗ್ಗಿದ ಮರುದಿನ ಇದೇ ದಾರಿ ತಿರುವುಮುರುವು. ನಾನು ಅಂಥ ದಿನಕ್ಕೇ ಕಾಯುತ್ತೇನೆ.

ಲೂಪ್‌ಗೆ ಇಳಿದ ಮೇಲೆ ಕೆಲವು ಕಡೆ ರಸ್ತೆಗೂ ದನಕ್ಕೂ ನಡುವೆ ಬೇಲಿ ಇರುವುದಿಲ್ಲ. ದನ ದಾಟದಂತೆ ರಸ್ತೆಗೆ ಅಡ್ಡಲಾಗಿ ಕಬ್ಬಿಣದ ಪೈಪು ಹಾಸಿರುತ್ತಾರೆ, ಅದನ್ನು ಕ್ಯಾಟಲ್ ಗಾರ್ಡ್ ಅನ್ನುತ್ತಾರೆ. ಮೊದಲ ಸಲ ನೋಡಿದರೆ ಕೈ ತಾನಾಗಿ ಬ್ರೇಕಿಗೆ ಹೋಗುತ್ತದೆ. ಬ್ರೇಕು ಮೊದಲೇ ಹಿಡಿದು ವೇಗ ಇಳಿಸಿ, ಪೈಪಿನ ಮೇಲೆ ಹಿಡಿಯಬೇಡಿ. ಚಕ್ರ ಪೈಪುಗಳಿಗೆ ನೇರ ಅಡ್ಡವಾಗಿ ಬರಲಿ, ಸೀಟಿನಿಂದ ಸ್ವಲ್ಪ ಎದ್ದು ಮೊಣಕೈ ಸಡಿಲ ಬಿಟ್ಟು ಹಾಯ್ದುಬಿಡಿ. ಪೈಪು ಒದ್ದೆಯಿದ್ದರೆ ಇಳಿದು ದಾಟಿ.

ದನ ರಸ್ತೆಯಲ್ಲಿ ನಿಂತಿದ್ದರೆ ದೂರದಿಂದಲೇ ಮಾತಾಡುತ್ತಾ ಹೋಗಿ. ಸೈಕಲ್ ಸದ್ದು ಮಾಡುವುದಿಲ್ಲ, ಅದಕ್ಕೇ ಅವು ಬೆಚ್ಚುತ್ತವೆ. ನಾನು ‘ಹೋಯ್, ಸರೀರಿ, ಸರೀರಿ’ ಅನ್ನುತ್ತೇನೆ. ಟೆಕ್ಸಸ್ ಹಸುಗಳೂ ಸರಿಯುತ್ತವೆ. ತಾಯಿಗೂ ಕರುವಿಗೂ ನಡುವೆ ಮಾತ್ರ ನುಗ್ಗಬೇಡಿ, ಎಷ್ಟು ಹೊತ್ತಾದರೂ ಕಾಯಿರಿ. ಆಡಿನ ಹಿಂಡಿನ ಜೊತೆ ದೊಡ್ಡ ಬಿಳಿ ಕಾವಲು ನಾಯಿ ಕಂಡರೆ ಇಳಿದು ಸೈಕಲ್ಲನ್ನು ನಡುವೆ ಇಟ್ಟುಕೊಂಡು ನಡೆಯಿರಿ. ಅದಕ್ಕೆ ಬೇಕಾದ್ದು ನೀವು ಹಿಂಡಿನಿಂದ ದೂರವಾಗುವುದು.

ಎತ್ತರದ ಬೇಲಿಗಳ ಹಿಂದೆ ಕೃಷ್ಣಮೃಗ ಕಂಡರೆ ಆಶ್ಚರ್ಯಪಡಬೇಡಿ. ನಮ್ಮ ಕಡೆಯ ಕೃಷ್ಣಮೃಗ, ಚುಕ್ಕೆ ಜಿಂಕೆಗಳನ್ನು 1930ರ ದಶಕದಲ್ಲಿ ಇಲ್ಲಿಗೆ ತಂದರು. ರಾಣೆಬೆನ್ನೂರಿನ ಕೃಷ್ಣಮೃಗ ನೋಡಿ ಬೆಳೆದ ನನಗೆ ಪ್ರತಿ ಸಲವೂ ಎದೆ ತುಂಬಿಬರುತ್ತದೆ. ಚುಕ್ಕೆ ಜಿಂಕೆ ಬೇಲಿಯ ಹೊರಗೂ ತಿರುಗುತ್ತದೆ, ನಸುಕಿನಲ್ಲಿ ಇಳಿಜಾರಿನಲ್ಲಿ ವೇಗ ಬೇಡ.

ಬೇಲಿಯ ಆಚೆ ಎಷ್ಟೇ ಒಳ್ಳೆಯ ಮರದ ನೆರಳಿದ್ದರೂ ಹೋಗಬೇಡಿ. ಟೆಕ್ಸಸ್‌ನಲ್ಲಿ ನೂರಕ್ಕೆ ಸುಮಾರು 95 ಭಾಗ ನೆಲ ಖಾಸಗಿಯವರದು. ಕಂಬಕ್ಕೋ ಮರಕ್ಕೋ ನೇರಳೆ ಬಣ್ಣದ ಪಟ್ಟಿ ಬಳಿದಿದ್ದರೆ, ಕಾನೂನಿನ ಪ್ರಕಾರ ಅದು ‘ಒಳಗೆ ಬರಬೇಡಿ’ ಎಂಬ ಬೋರ್ಡಿಗೆ ಸಮ. ರಸ್ತೆ ಅಂಚಿನ ಹುಲ್ಲಿಗೂ ಸೈಕಲ್ ಉರುಳಿಸಬೇಡಿ, ಎತ್ತಿಡಿ. ನಮ್ಮ ಹೊಲದ ಬದುವಿನ ನೆಗ್ಗಿಲು ಮುಳ್ಳು ಇಲ್ಲಿಯೂ ಇದೆ. 35 ಮಿ.ಮೀ.ಗಿಂತ ಅಗಲದ ಟೈರು, ಎರಡು ಟ್ಯೂಬು, ಪಂಪು, ಪ್ಯಾಚು ಬೇಕೇ ಬೇಕು.

ಹಳ್ಳ ದಾಟುವಲ್ಲಿ ಸೇತುವೆ ಇಲ್ಲದೆ ರಸ್ತೆಯೇ ತಗ್ಗಿಗೆ ಇಳಿದಿರುತ್ತದೆ, ಪಕ್ಕದಲ್ಲಿ ನೀರಿನ ಮಟ್ಟ ಅಳೆಯುವ ಕಂಬ. ನೀರು ರಸ್ತೆ ಮೇಲೆ ಹರಿಯುತ್ತಿದ್ದರೆ ಹಿಂದಿರುಗಿ. ರಭಸದ ನೀರು ಹದಿನೈದು ಸೆಂ.ಮೀ. ಇದ್ದರೂ ಆಳನ್ನು ಕೆಡವಬಲ್ಲದು. 2025ರ ಜುಲೈ 4ರ ನಸುಕಿನಲ್ಲಿ ಇದೇ ಹಿಲ್ ಕಂಟ್ರಿಯ ಗ್ವಾಡಲೂಪ್ ನದಿ ಉಕ್ಕಿದ್ದು, ನೂರಕ್ಕೂ ಹೆಚ್ಚು ಜನ ತೀರಿಹೋದದ್ದು ಇಲ್ಲಿನ ಯಾರೂ ಮರೆತಿಲ್ಲ. ತಲೆಯ ಮೇಲೆ ಬಿಸಿಲಿದ್ದರೂ ಹಳ್ಳದ ಮೇಲ್ಗಡೆ ಮಳೆಯಾಗಿರಬಹುದು.

ಫೋನಿಗೆ ಸಿಗ್ನಲ್ ಎಲ್ಲ ಕಡೆ ಸಿಗದು. ನಕ್ಷೆ ಮೊದಲೇ ಇಳಿಸಿಕೊಳ್ಳಿ, ಯಾವ ದಾರಿ, ಎಷ್ಟು ಗಂಟೆಗೆ ವಾಪಸು ಎಂದು ಮನೆಯವರಿಗೆ ಬರೆದು ಕೊಡಿ. ಪಿಕಪ್ ಓಡಿಸುವ ರ‍್ಯಾಂಚಿನವರು ಸ್ಟೀರಿಂಗ್ ಮೇಲಿಂದಲೇ ಎರಡು ಬೆರಳೆತ್ತಿ ನಮಸ್ಕಾರ ಹೇಳುತ್ತಾರೆ. ನೀವೂ ಕೈ ಎತ್ತಿ. ಚೈನು ತುಂಡಾದಾಗ ನಿಮ್ಮ ಪಕ್ಕ ನಿಲ್ಲುವುದು ಅವರೇ.

ಹೈವೇ 16ರ ವಾಪಸು ದಾರಿಯಲ್ಲಿ ವಾಹನಗಳು ವೇಗವಾಗಿ ಬರುತ್ತವೆ. ಹಿಂದಿನ ಕೆಂಪು ದೀಪ ಹಗಲಲ್ಲೂ ಉರಿಯಲಿ, ಹಳದಿ ಜಾಕೆಟ್ ಹಾಕಿಕೊಳ್ಳಿ. ಸೂರ್ಯ ಹುಟ್ಟುವಾಗ ಹೊರಟಿದ್ದರೆ ಮಧ್ಯಾಹ್ನದ ಗಾಳಿ ಜೋರಾಗುವ ಮೊದಲೇ ಊರು ಸೇರಬಹುದು.