ಕೊಡಗಿನಲ್ಲಿ ಕೂತು ಹರ್ಡ್ ದ್ವೀಪದ ಹಿಮನದಿ ಅಳೆಯುವ ಬಗೆ

ಮಡಿಕೇರಿಯಿಂದ ನೇರ ದಕ್ಷಿಣಕ್ಕೆ ಗೆರೆ ಎಳೆದರೆ ಅದು ಅಂಟಾರ್ಕ್ಟಿಕಾ ಮುಟ್ಟುವ ಮೊದಲು ಆಸ್ಟ್ರೇಲಿಯಾಕ್ಕೆ ಸೇರಿದ ಹರ್ಡ್ ದ್ವೀಪದ ಸ್ವಲ್ಪ ಪೂರ್ವಕ್ಕೆ ಹಾದುಹೋಗುತ್ತದೆ. ಅಲ್ಲಿ ಬಿಗ್ ಬೆನ್ ಜ್ವಾಲಾಮುಖಿಯ ಇಳಿಜಾರಿನಲ್ಲಿರುವ ಬ್ರೌನ್ ಹಿಮನದಿ 1947ರಲ್ಲಿ 6.18 ಚದರ ಕಿ.ಮೀ. ಇತ್ತು, 2004ರ ಹೊತ್ತಿಗೆ ಉಳಿದದ್ದು 4.38. ಕರಗಿ ಹೋದದ್ದು ಸುಮಾರು 445 ಎಕರೆ. ತುದಿ 1.17 ಕಿ.ಮೀ. ಹಿಂದೆ ಸರಿದಿತ್ತು, ಅಂದರೆ ಸರಾಸರಿ ವರ್ಷಕ್ಕೆ 20 ಮೀಟರ್. ಆಮೇಲಿನ ಲೆಕ್ಕವನ್ನು ಕಾಲೇಜು ಮಕ್ಕಳೂ ಮನೆಯಲ್ಲೇ ಮುಂದುವರಿಸಬಹುದು. ಮಳೆಯನ್ನು ದಿನಾ ಇಂಚು-ಸೆಂಟ್‌ನಲ್ಲಿ ಬರೆದಿಡುವ ನಾಡಿಗೆ ಈ ಶಿಸ್ತು ಹೊಸದಲ್ಲ.

ಬೇಕಾದ್ದು ಒಂದು ಸಾಧಾರಣ ಲ್ಯಾಪ್‌ಟಾಪ್, ಉಚಿತವಾಗಿ ಸಿಗುವ ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶ, ಇಂಟರ್ನೆಟ್. ಉಪಗ್ರಹ ಚಿತ್ರಗಳೂ ಉಚಿತ: ಲ್ಯಾಂಡ್‌ಸ್ಯಾಟ್‌ನವು ಅರ್ಥ್‌ಎಕ್ಸ್‌ಪ್ಲೋರರ್ ಜಾಲತಾಣದಲ್ಲಿ, ಸೆಂಟಿನೆಲ್-2ರವು ಕೋಪರ್ನಿಕಸ್ ಬ್ರೌಸರ್‌ನಲ್ಲಿ. ಹುಡುಕುವಾಗ ಅಕ್ಷಾಂಶ -53.07, ರೇಖಾಂಶ 73.65 ಕೊಡಿ. ಮೈನಸ್ ಮರೆತರೆ ಉತ್ತರಾರ್ಧಗೋಳಕ್ಕೆ ಹೋಗಿಬಿಡುತ್ತೀರಿ. ನಮ್ಮಲ್ಲಿ ಕಾಫಿ ಕುಯ್ಲು ನಡೆಯುವ ಕಾಲವೇ ಅಲ್ಲಿಗೆ ಬೇಸಿಗೆ. ಫೆಬ್ರವರಿ-ಮಾರ್ಚ್ ಚಿತ್ರಗಳನ್ನೇ ಆರಿಸಿ, ಆಗ ಹೊಸ ಹಿಮ ಕಡಿಮೆ. ದ್ವೀಪದ ಮೇಲೆ ಮೋಡ ಸರಿಯುವುದೇ ಅಪರೂಪ, ಹಾಗಾಗಿ ಇಡೀ ಚಿತ್ರದ ಮೋಡದ ಶೇಕಡಾವಾರು ನೋಡಿ ತಿರಸ್ಕರಿಸಬೇಡಿ. ಹಿಮನದಿಯ ತುದಿ ಕಾಣುತ್ತಿದ್ದರೆ ಸಾಕು. ಪೂರ್ತಿ ಕಟ್ಟು ಇಳಿಸುವುದೂ ಬೇಡ. ಹಸಿರು, ಹತ್ತಿರದ ಅತಿಗೆಂಪು, ಕಿರುತರಂಗ ಅತಿಗೆಂಪು ಎಂಬ ಮೂರು ಬ್ಯಾಂಡ್ (ಬೆಳಕಿನ ಒಂದೊಂದು ಪಟ್ಟಿಯಲ್ಲಿ ತೆಗೆದ ಚಿತ್ರ) ಸಾಕು: ಲ್ಯಾಂಡ್‌ಸ್ಯಾಟ್ 8ರಲ್ಲಿ ಕ್ರಮವಾಗಿ 3, 5, 6, ಲ್ಯಾಂಡ್‌ಸ್ಯಾಟ್ 5ರಲ್ಲಿ 2, 4, 5.

ಲ್ಯಾಂಡ್‌ಸ್ಯಾಟ್ 8ರ ಬ್ಯಾಂಡ್‌ಗಳನ್ನು 6-5-3 ಎಂದು ಕೆಂಪು, ಹಸಿರು, ನೀಲಿಗೆ ಜೋಡಿಸಿದರೆ ಮಂಜುಗಡ್ಡೆ ತಿಳಿನೀಲಿಯಾಗಿ, ಮೋಡ ಬೆಳ್ಳಗೆ, ಹಿಮನದಿಯ ಮುಂದಿರುವ ಲಗೂನಿನ (ಕಡಲಂಚಿನ ಕೊಳದ) ನೀರು ಕಡುನೀಲಿಯಾಗಿ ಕಾಣುತ್ತದೆ. ಹಿಮಸೂಚ್ಯಂಕ ತೆಗೆಯಲು ಹಸಿರು ಬ್ಯಾಂಡಿನಿಂದ ಕಿರುತರಂಗ ಅತಿಗೆಂಪನ್ನು ಕಳೆದು, ಬಂದದ್ದನ್ನು ಅವೆರಡರ ಮೊತ್ತದಿಂದ ಭಾಗಿಸಿ, 0.4ಕ್ಕಿಂತ ಹೆಚ್ಚಿದ್ದರೆ ಹಿಮ. ಎಡವುವುದು ಇಲ್ಲೇ. ಲ್ಯಾಂಡ್‌ಸ್ಯಾಟ್‌ನ ಎರಡನೇ ಹಂತದ (ಲೆವೆಲ್-2) ಫೈಲಿನ ಅಂಕಿಗಳನ್ನು ಮೊದಲು 0.0000275ರಿಂದ ಗುಣಿಸಿ 0.2 ಕಳೆಯಬೇಕು, ಹಸಿ ಅಂಕಿಯನ್ನೇ ಹಾಕಿದರೆ ಸೂಚ್ಯಂಕ ಸುಳ್ಳಾಗುತ್ತದೆ. ಇನ್ನೊಂದು, ಲಗೂನಿನ ನೀರೂ 0.4 ದಾಟಿ ಹಿಮವೆಂದೇ ಕಾಣಿಸಿಕೊಳ್ಳುತ್ತದೆ. ಆದರೆ ಹತ್ತಿರದ ಅತಿಗೆಂಪಿನಲ್ಲಿ ನೀರು ಕಪ್ಪು. ಆ ಬ್ಯಾಂಡಿನಲ್ಲಿ 0.11ಕ್ಕಿಂತ ಕಡಿಮೆ ಇರುವ ಜಾಗವನ್ನು ತೆಗೆದುಹಾಕಿ. ಇಷ್ಟಾದರೂ ತುದಿಯ ಗೆರೆಯನ್ನು ಕೈಯಲ್ಲೇ ಎಳೆಯುವುದು ಒಳ್ಳೆಯದು, ಏಕೆಂದರೆ ಕಲ್ಲು-ಬೂದಿ ಮುಚ್ಚಿದ ಗಡ್ಡೆಯನ್ನು ಸೂಚ್ಯಂಕ ಹಿಡಿಯುವುದಿಲ್ಲ, ನೀರಲ್ಲಿ ತೇಲುವ ತುಂಡುಗಳನ್ನು ಬಿಡುವುದೂ ಇಲ್ಲ.

ಕೊಡಗೂ ಹರ್ಡ್ ದ್ವೀಪವೂ ಯುಟಿಎಂ (ಭೂಮಿಯನ್ನು ಉದ್ದುದ್ದ ಪಟ್ಟಿಗಳಾಗಿ ಹಂಚಿ ಮೀಟರಿನಲ್ಲಿ ಜಾಗ ಗುರುತಿಸುವ ನಕ್ಷೆ ಪದ್ಧತಿ) 43ನೇ ವಲಯದಲ್ಲೇ ಇವೆ. ಲ್ಯಾಂಡ್‌ಸ್ಯಾಟ್ ಚಿತ್ರ 43 ಉತ್ತರದಲ್ಲಿ, ಋಣ ಅಂಕಿಗಳೊಂದಿಗೆ ಬರುತ್ತದೆ; ಸೆಂಟಿನೆಲ್‌ನದು 43 ದಕ್ಷಿಣದಲ್ಲಿ. ನಡುವೆ ಒಂದು ಕೋಟಿ ಮೀಟರಿನ ವ್ಯತ್ಯಾಸ. ಗೆರೆಯ ಪದರವನ್ನು ಮೊದಲೇ 32743ಕ್ಕೆ (ಕ್ಯೂಜಿಐಎಸ್‌ನಲ್ಲಿ 43 ದಕ್ಷಿಣದ ಸಂಕೇತ ಸಂಖ್ಯೆ) ಇಟ್ಟುಕೊಂಡರೆ ಗೊಂದಲವಿಲ್ಲ.

ತುದಿಯ ಒಂದೇ ಬಿಂದುವನ್ನು ಅಳೆಯಬೇಡಿ, ಅದು ವರ್ಷವರ್ಷವೂ ಅಂಕುಡೊಂಕಾಗುತ್ತದೆ. ಹಿಮನದಿ ಹರಿಯುವ ದಿಕ್ಕಿಗೆ ಸಮಾನಾಂತರವಾಗಿ, 300 ಮೀಟರ್ ಅಗಲದ ಚೌಕಟ್ಟು ಹಾಕಿ, ಒಳಗಿನ ಮಂಜುಗಡ್ಡೆಯ ವಿಸ್ತೀರ್ಣ ತೆಗೆಯಿರಿ. ಎರಡು ವರ್ಷಗಳ ನಡುವೆ 36,000 ಚದರ ಮೀಟರ್ ಕಡಿಮೆಯಾಗಿದ್ದರೆ, 300ರಿಂದ ಭಾಗಿಸಿ: ಸರಾಸರಿ 120 ಮೀಟರ್ ಹಿಂದೆ ಸರಿದಿದೆ.

ಈಗ ದೋಷದ ಲೆಕ್ಕ. ಇದಿಲ್ಲದೆ ಮೇಲಿನ ಅಂಕಿಗೆ ಬೆಲೆ ಇಲ್ಲ. ಲ್ಯಾಂಡ್‌ಸ್ಯಾಟ್‌ನ ಒಂದು ಪಿಕ್ಸೆಲ್ 30 ಮೀಟರ್ ಚೌಕ, ನಮ್ಮ ತೋಟದ ಲೆಕ್ಕದಲ್ಲಿ 22 ಸೆಂಟ್ ಜಾಗ. ಆ 22 ಸೆಂಟಿನಲ್ಲಿ ಗಡ್ಡೆ ಎಲ್ಲಿ ಮುಗಿದು ಕಲ್ಲು ಎಲ್ಲಿ ಶುರುವಾಯಿತೆಂದು ಕಣ್ಣಿಗೆ ಕಾಣದು. ಎರಡು ಚಿತ್ರ ಹೋಲಿಸಿದಾಗ ದೋಷ 30 ವರ್ಗ ಮತ್ತು 30 ವರ್ಗದ ಮೊತ್ತದ ವರ್ಗಮೂಲ, ಅಂದರೆ ಸುಮಾರು 42 ಮೀಟರ್. ವರ್ಷಕ್ಕೆ 20 ಮೀಟರ್ ಸರಿಯುವುದನ್ನು ಹೋದ ವರ್ಷ-ಈ ವರ್ಷ ಎಂದು ಹೋಲಿಸಿದರೆ ಅಳೆದದ್ದೆಲ್ಲ ದೋಷವೇ. ಕನಿಷ್ಠ ಐದು ವರ್ಷಗಳ ಅಂತರ ಬಿಡಿ. ಎರಡೂ ಸೆಂಟಿನೆಲ್ ಚಿತ್ರಗಳಾದರೆ ಪಿಕ್ಸೆಲ್ 10 ಮೀಟರ್ ಆದ್ದರಿಂದ ದೋಷ 14 ಮೀಟರಿಗೆ ಇಳಿಯುತ್ತದೆ, ಆದರೆ ಅವು 2015ರ ನಂತರ ಮಾತ್ರ. ಮೇ 2003ರ ಬಳಿಕದ ಲ್ಯಾಂಡ್‌ಸ್ಯಾಟ್ 7 ಚಿತ್ರಗಳಲ್ಲಿ ಪಟ್ಟೆಪಟ್ಟೆಯಾಗಿ ಮಾಹಿತಿ ಬಿಟ್ಟುಹೋಗಿದೆ; ತುದಿ ಪಟ್ಟೆಯೊಳಗೆ ಬಿದ್ದರೆ ಬೇರೆ ದಿನದ್ದು ಹುಡುಕಿ.

ಪ್ರತಿ ಗೆರೆಯ ಜೊತೆ ಚಿತ್ರದ ದಿನಾಂಕ, ಉಪಗ್ರಹ, ಗೆರೆ ಎಳೆದವರ ಹೆಸರು ದಾಖಲಿಸಿ. ಇಬ್ಬರು ಬೇರೆ ಬೇರೆಯಾಗಿ ಎಳೆದು ಹೋಲಿಸಿದರೆ ಇನ್ನೂ ಒಳ್ಳೆಯದು.