ತಕ್ಕಡಿ ಹೇಳಿದ್ದನ್ನು ಬಿಲ್ಲಿಗೆ ಮುಟ್ಟಿಸಿದ ಬಗೆ

2024ರ ಮಾರಿಕಾಂಬಾ ಜಾತ್ರೆಯಲ್ಲಿ ಒಬ್ಬರು ನಮ್ಮ ಅಂಗಡಿಯಿಂದ ಒಂದು ಕಿಲೋ ಕಾಳುಮೆಣಸು ಒಯ್ದರು, ಮುರುಗಲು ಸಿಪ್ಪೆಯ ಹಣ ಕೊಟ್ಟರು. ಅವರ ತಪ್ಪೇನಿಲ್ಲ. ತೂಕ ಮಾಡುವ ಹುಡುಗ ಚೀಟಿಯಲ್ಲಿ ‘ಮೆ’ ಎಂದು ಗೀಚಿದ್ದ, ಗಲ್ಲೆಯಲ್ಲಿ ಕುಳಿತ ನಾನು ಅದನ್ನು ‘ಮು’ ಎಂದು ಓದಿದೆ. ರಾತ್ರಿ ಲೆಕ್ಕ ಕೂರಿಸುವಾಗ ಸಿಕ್ಕಿಬಿದ್ದ ತಪ್ಪು ಇದೊಂದು. ಸಿಕ್ಕದೇ ಹೋದವು ಎಷ್ಟೋ.

ಶಿರಸಿ ಪೇಟೆಯ ನಮ್ಮ ಅಂಗಡಿಯಲ್ಲಿ ಮೆಣಸು, ಏಲಕ್ಕಿ, ಮುರುಗಲು, ಜೋನಿ ಬೆಲ್ಲ, ಜೇನುತುಪ್ಪ ಎಲ್ಲವೂ ತೂಕದ ಮೇಲೆ ಹೋಗುವ ಮಾಲು. ಹಿಂದಿನ ಕೋಣೆಯಲ್ಲಿ ರೈತರಿಂದ ಚೀಲಗಟ್ಟಲೆ ಕೊಳ್ಳುತ್ತೇವೆ. ತೂಕದ ಯಂತ್ರ ಒಂದು ಕಡೆ, ಬಿಲ್ ಮಾಡುವ ಕಂಪ್ಯೂಟರ್ ಇನ್ನೊಂದು ಕಡೆ, ನಡುವೆ ಚೀಟಿ. ಆ ಚೀಟಿಯ ಬದಲು ತಕ್ಕಡಿ ಹೇಳಿದ ತೂಕವೇ ಬಾರ್‌ಕೋಡ್ ಲೇಬಲ್ ಆಗಿ ಮುದ್ರಣಗೊಂಡು ಬಿಲ್ಲಿಗೆ ಹೋಗುವಂತೆ ಮಾಡಬೇಕೆಂದು ಮಳೆಗಾಲದ ಬಿಡುವಿನಲ್ಲಿ ಕುಳಿತೆ. ಅಪ್ಪಯ್ಯ, "ಇಷ್ಟು ವರ್ಷ ಚೀಟಿಯಲ್ಲೇ ನಡೆಯಿತಲ್ಲ" ಎಂದರು. ಬೇಡ ಎನ್ನಲಿಲ್ಲ.

ತಂತಿ ಜೋಡಿಸುವುದು ನಾನು ಹೆದರಿದಷ್ಟು ಕಷ್ಟವಾಗಲಿಲ್ಲ. ಹೆಚ್ಚಿನ ಎಲೆಕ್ಟ್ರಾನಿಕ್ ತಕ್ಕಡಿಗಳ ಹಿಂಬದಿಯಲ್ಲಿ ಆರ್‌ಎಸ್-232 ಎಂಬ ಒಂಬತ್ತು ಪಿನ್ನಿನ ಕಿಂಡಿ ಇರುತ್ತದೆ. ಅದರಲ್ಲಿ ಕೆಲಸಕ್ಕೆ ಬರುವುದು ಮೂರೇ: 2, 3 ಮತ್ತು 5. ಅಲ್ಲಿಂದ ಯುಎಸ್‌ಬಿಗೆ ಪರಿವರ್ತಿಸುವ ಕೇಬಲ್ ಸಿಗುತ್ತದೆ. ಕೈಪಿಡಿಯಲ್ಲಿ ತಕ್ಕಡಿ ಅಂಕಿ ಕಳುಹಿಸುವ ವೇಗ ಸೆಕೆಂಡಿಗೆ 9600 ಬಿಟ್ ಎಂದಿತ್ತು, ಪರದೆಯ ಮೇಲೆ ಬಂದದ್ದು ಬರೀ ಕಸದಂಥ ಅಕ್ಷರ. 2400ಕ್ಕೆ ಇಳಿಸಿದಾಗ ಅಂಕಿಗಳು ಸಾಲಾಗಿ ಸುರಿದವು. ಆ ಕೇಬಲ್ಲನ್ನು ಪ್ರತಿ ಸಲ ಕಂಪ್ಯೂಟರಿನ ಅದೇ ಯುಎಸ್‌ಬಿ ಕಿಂಡಿಗೆ ಚುಚ್ಚಬೇಕು. ಬೇರೆಯದಕ್ಕೆ ಚುಚ್ಚಿದರೆ ಪೋರ್ಟ್ ಸಂಖ್ಯೆ ಬದಲಾಗಿ ಬಿಲ್ಲಿಂಗ್ ತಂತ್ರಾಂಶ ಸುಮ್ಮನೆ ಕೂರುತ್ತದೆ. ಈಗ ಆ ಕಿಂಡಿಗೆ ಆಯಿಯ ಉಗುರುಬಣ್ಣದ ಗುರುತಿದೆ.

ಹಳೆಯ ಯಂತ್ರವೊಂದಕ್ಕೆ ಹೊರಗಿಂದ ಕಿಂಡಿಯೇ ಇರಲಿಲ್ಲ. ಪರಿಚಯದ ರಿಪೇರಿಯವರು "ಒಳಗಿನಿಂದ ತಂತಿ ಎಳೆದುಕೊಡುತ್ತೇನೆ" ಎಂದರು. ನಾನು ಒಪ್ಪಲಿಲ್ಲ. ಕಾನೂನು ಮಾಪನಶಾಸ್ತ್ರ ಇಲಾಖೆಯ ಸೀಲ್ ಒಡೆದರೆ ಆ ತಕ್ಕಡಿಯನ್ನು ಮತ್ತೆ ಸತ್ಯಾಪನೆ ಮಾಡಿಸದೆ ವ್ಯಾಪಾರಕ್ಕೆ ಬಳಸುವಂತಿಲ್ಲ. ವರ್ಷಕ್ಕೊಮ್ಮೆ ಮಾಡಿಸುವುದೇ ಒಂದು ಓಡಾಟ.

ನನ್ನನ್ನು ನಿಜವಾಗಿ ಕಾಡಿಸಿದ ಪ್ರಶ್ನೆ ಬೇರೆ: ತಕ್ಕಡಿ ಕಳುಹಿಸುವ ಹತ್ತಾರು ಅಂಕಿಗಳಲ್ಲಿ ತೂಕ ಯಾವುದು? ಯಂತ್ರ ಸೆಕೆಂಡಿಗೆ ಹಲವು ಸಲ ಅಂಕಿ ಕಳುಹಿಸುತ್ತಲೇ ಇರುತ್ತದೆ. ಹುಡುಗ ಚೀಲ ಇಡುವಾಗ, ಕೈ ತೆಗೆಯುವಾಗ, ಮೇಲೆ ಫ್ಯಾನ್ ಬೀಸುವಾಗ ಅಂಕಿ ಕುಣಿಯುತ್ತದೆ. ಮೊದಲ ವಾರ ನನ್ನ ಪ್ರೋಗ್ರಾಂ ಕೊನೆಗೆ ಬಂದ ಅಂಕಿಯನ್ನು ಎತ್ತಿಕೊಳ್ಳುತ್ತಿತ್ತು. ಕೈ ಒತ್ತಿದ್ದಾಗಲೇ ಲೇಬಲ್ ಮುದ್ರಿಸಿದರೆ ಕೈಯ ಭಾರಕ್ಕೂ ಗಿರಾಕಿಯೇ ದುಡ್ಡು ಕೊಡಬೇಕು. ಆಮೇಲೆ ಗಮನಿಸಿದೆ, ಪ್ರತಿ ಸಾಲಿನ ಮೊದಲಿಗೇ ತಕ್ಕಡಿ ಎರಡಕ್ಷರ ಸೇರಿಸಿ ಕಳುಹಿಸುತ್ತಿತ್ತು: ನಿಂತಿದ್ದರೆ ‘ಎಸ್‌ಟಿ’, ಅಲುಗುತ್ತಿದ್ದರೆ ‘ಯುಎಸ್’. ‘ಎಸ್‌ಟಿ’ ಸಾಲು ಮೂರು ಸಲ ಒಂದೇ ಅಂಕಿಯೊಂದಿಗೆ ಬಂದರೆ ಮಾತ್ರ ಮುದ್ರಿಸು ಎಂದು ಬದಲಿಸಿದೆ. ಒಂದು ಲೇಬಲ್ ಬಂದ ಮೇಲೆ ತಟ್ಟೆ ಸೊನ್ನೆಗೆ ಬರುವವರೆಗೆ ಇನ್ನೊಂದು ಬರುವುದಿಲ್ಲ. ಎರಡು ಸಲ ಗುಂಡಿ ಒತ್ತುವ ಚಟವೂ ಅದರಿಂದ ಅಡಗಿತು.

ಇನ್ನು ಬಾರ್‌ಕೋಡ್. ಪೇಟೆಯ ಪೊಟ್ಟಣಗಳ ಮೇಲೆ ಕಾಣುವ 13 ಅಂಕಿಗಳ ಕೋಡು, ಭಾರತದಲ್ಲಿ ನೋಂದಾಯಿಸಿದ್ದಾದರೆ 890ರಿಂದ ಶುರುವಾಗುತ್ತದೆ. 20ರಿಂದ 29ರವರೆಗಿನ ಆರಂಭವನ್ನು ಅಂಗಡಿಗಳ ಒಳಬಳಕೆಗೆ ಬಿಟ್ಟಿದ್ದಾರೆ. ನಾನು 21 ಹಿಡಿದೆ. ಮುಂದಿನ ಐದು ಅಂಕಿ ಮಾಲಿನ ಸಂಖ್ಯೆ, ಅದರ ಮುಂದಿನ ಐದು ಗ್ರಾಂನಲ್ಲಿ ತೂಕ, ಕೊನೆಯದು ತಾಳೆ ನೋಡುವ ಅಂಕಿ. 47ನೆಯ ಮಾಲು ಕಾಳುಮೆಣಸು. ಅದು 1.250 ಕಿಲೋ ತೂಗಿದರೆ 210004701250. ಎಡದಿಂದ ಒಂದೊಂದನ್ನೂ ಕ್ರಮವಾಗಿ 1, 3, 1, 3ರಿಂದ ಗುಣಿಸಿ ಕೂಡಿದರೆ 36 ಬರುತ್ತದೆ. ಹತ್ತರ ಮುಂದಿನ ಗುಣಕವಾದ 40 ತುಂಬಲು 4 ಬೇಕು, ಅದೇ ಹದಿಮೂರನೆಯ ಅಂಕಿ. ಸ್ಕ್ಯಾನರ್ ಕಂಪ್ಯೂಟರಿನ ಮಟ್ಟಿಗೆ ಒಂದು ಕೀಲಿಮಣೆ ಅಷ್ಟೆ, ಓದಿದ್ದನ್ನು ಟೈಪ್ ಮಾಡುತ್ತದೆ. ಬಿಡಿಸಿ ಓದುವ ಕೆಲಸ ತಂತ್ರಾಂಶದ್ದು.

ಕೋಡಿನಲ್ಲಿ ತೂಕ ಇರಬೇಕೋ ಬೆಲೆ ಇರಬೇಕೋ ಎಂಬಲ್ಲಿ ನಾನು ಎಡವಿದೆ. ತೂಕ ಇಟ್ಟರೆ ದರ ಬದಲಾದ ದಿನ ಕಂಪ್ಯೂಟರಿನಲ್ಲಿ ಒಂದೇ ಕಡೆ ತಿದ್ದಿದರೆ ಮುಗಿಯಿತು, ಮೆಣಸಿನ ದರವಂತೂ ಸ್ಥಿರವಾಗಿ ನಿಲ್ಲುವುದಲ್ಲ. ಹಾಗೆಂದು ಎಲ್ಲದಕ್ಕೂ ತೂಕವನ್ನೇ ಇಟ್ಟೆ. ಒಂದು ದಿನ ಹುಳಗೋಳದ ಕಡೆಯ ಹಿರಿಯರೊಬ್ಬರು ಮೊದಲೇ ಕಟ್ಟಿಟ್ಟ ಪೊಟ್ಟಣ ಹಿಡಿದು ನಿಂತರು. "ತಮ್ಮಾ, ಪೊಟ್ಟಣದ ಮೇಲೆ ಒಂದು ಬೆಲೆ, ಬಿಲ್ಲಿನಲ್ಲಿ ಇನ್ನೊಂದು. ಯಾವುದು ಕೊಡಲಿ?" ಪೊಟ್ಟಣ ಕಟ್ಟಿದ ಮೇಲೆ ದರ ಏರಿತ್ತು. ಕಟ್ಟಿಟ್ಟ ಮಾಲಿನ ಮೇಲೆ ಮುದ್ರಿಸಿದ ಗರಿಷ್ಠ ಚಿಲ್ಲರೆ ಬೆಲೆಗಿಂತ ಒಂದು ರೂಪಾಯಿ ಹೆಚ್ಚು ತೆಗೆದುಕೊಂಡರೂ ಅಪರಾಧ. ಅವತ್ತೇ ರಾತ್ರಿ 22 ಎಂಬ ಎರಡನೆಯ ಸರಣಿ ಮಾಡಿದೆ. ಎದುರಿಗೇ ತೂಗಿದ್ದಕ್ಕೆ 21, ತೂಕದೊಡನೆ. ಕಟ್ಟಿಟ್ಟದ್ದಕ್ಕೆ 22, ಬೆಲೆಯೊಡನೆ. ಪೈಸೆ ಸೇರಿಸಿದರೆ ಐದು ಅಂಕಿಗಳಲ್ಲಿ 999.99ರ ಮೇಲೆ ಹೋಗಲಾಗದು. ಏಲಕ್ಕಿ ಅದನ್ನು ಸಲೀಸಾಗಿ ದಾಟುವುದರಿಂದ ಬರೀ ರೂಪಾಯಿ.

ಹಿಂದಿನ ಕೋಣೆಯಲ್ಲಿ ಆದದ್ದು ಇನ್ನೂ ನಾಚಿಕೆಯ ಸಂಗತಿ. ಅಂಗಡಿಯ ಮುಂಭಾಗದ ತಕ್ಕಡಿ ದಶಾಂಶದ ನಂತರ ಮೂರು ಅಂಕಿ ಕೊಡುತ್ತದೆ. ನನ್ನ ಪ್ರೋಗ್ರಾಂ ಬಿಂದುವನ್ನು ಕಿತ್ತುಹಾಕಿ ಉಳಿದದ್ದನ್ನು ಗ್ರಾಂ ಎಂದು ತಿಳಿಯುತ್ತಿತ್ತು. ಚೀಲ ತೂಗುವ ದೊಡ್ಡ ತಕ್ಕಡಿ 20 ಗ್ರಾಂಗಳ ಹೆಜ್ಜೆಯದ್ದು (ಅಂಕಿ ಏರಿಳಿಯುವುದೇ 20 ಗ್ರಾಂಗಳ ಲೆಕ್ಕದಲ್ಲಿ), ದಶಾಂಶದ ನಂತರ ಎರಡೇ ಅಂಕಿ. 52.36 ಕಿಲೋ ಮೆಣಸಿಗೆ 5.236 ಕಿಲೋ ಎಂದು ಲೇಬಲ್ ಬಂತು. ರೈತರು ನಕ್ಕರು, ನನಗೆ ನಗು ಬರಲಿಲ್ಲ.

ಆ ಹೆಜ್ಜೆಯ ಲೆಕ್ಕವನ್ನು ಏಲಕ್ಕಿಯಲ್ಲೂ ಕಲಿತೆ. ಅಂಗಡಿಗಳಲ್ಲಿರುವ, ನಿಖರತೆಯಲ್ಲಿ ಮೂರನೆಯ ವರ್ಗದ ತಕ್ಕಡಿಯಲ್ಲಿ ಹೆಜ್ಜೆಯ 20 ಪಟ್ಟಿಗಿಂತ ಕಡಿಮೆ ತೂಗಬಾರದು. ನಮ್ಮ 30 ಕಿಲೋದ ಯಂತ್ರದ ಹೆಜ್ಜೆ 5 ಗ್ರಾಂ, ಅಂದರೆ 100 ಗ್ರಾಂಗಿಂತ ಕೆಳಗೆ ಅದರ ಮಾತು ನಂಬುವಂತಿಲ್ಲ. ನಾವೋ 50 ಗ್ರಾಂ ಏಲಕ್ಕಿ ಅದರಲ್ಲೇ ಕೊಡುತ್ತಿದ್ದೆವು! ಏಲಕ್ಕಿಗೆಂದೇ ಸಣ್ಣ ತಕ್ಕಡಿ ತಂದೆವು. ತಂತ್ರಾಂಶಕ್ಕೂ ಈ ಮಿತಿ ಹೇಳಿಕೊಟ್ಟಿದ್ದೇನೆ, ಅದಕ್ಕಿಂತ ಕಡಿಮೆ ಇದ್ದರೆ ಲೇಬಲ್ ಕೊಡದು.

ಲೇಬಲ್‌ಗಳದ್ದು ಮಲೆನಾಡಿನ ಕತೆ. ರಿಬ್ಬನ್ ಬೇಡದ ಥರ್ಮಲ್ ಕಾಗದ ಅಗ್ಗ, ಬಿಸಿಲಿಗೂ ಎಣ್ಣೆಕೈಗೂ ಮಾಸುತ್ತದೆ, ಆಷಾಢದ ತೇವಕ್ಕೆ ಅಂಚು ಏಳುತ್ತದೆ. ಎದುರಿಗೆ ತೂಗಿ ಅಲ್ಲೇ ಬಿಲ್ ಮಾಡುವುದಕ್ಕೆ ಅದು ಸಾಕು. ಕಪಾಟಿನಲ್ಲಿ ತಿಂಗಳುಗಟ್ಟಲೆ ಕೂರುವ ಜೋನಿ ಬೆಲ್ಲ, ಜೇನಿನ ಬಾಟಲಿಗಳಿಗೆ ಪ್ಲಾಸ್ಟಿಕ್ ಲೇಬಲ್ ಮತ್ತು ರಿಬ್ಬನ್ನಿನ ಪ್ರಿಂಟರ್. ದುಂಡನೆಯ ಬಾಟಲಿಗೆ ಗೆರೆಗಳು ಏಣಿಯ ಮೆಟ್ಟಿಲಿನಂತೆ ಒಂದರ ಮೇಲೊಂದು ಬರುವಂತೆ ಅಂಟಿಸಬೇಕು. ಅಡ್ಡಕ್ಕೆ ಅಂಟಿಸಿದರೆ ತುದಿಯ ಗೆರೆಗಳು ಬಾಗಿನಲ್ಲಿ ಮರೆಯಾಗಿ ಸ್ಕ್ಯಾನರ್ ಓದುವುದಿಲ್ಲ.

ಗುಡುಗು ಬಂದರೆ ಎಲ್ಲ ತಂತಿ ಕಿತ್ತಿಡುತ್ತೇವೆ. ಒಂದು ಕೇಬಲ್ ಹಾಗೆ ಸುಟ್ಟುಹೋಗಿದೆ. ತಕ್ಕಡಿಗೆ ಬ್ಯಾಟರಿ ಇದೆ, ಪ್ರಿಂಟರಿಗೆ ಇಲ್ಲ. ಆಗ ಗಲ್ಲೆಯ ಕೆಳಗಿನಿಂದ ಚೀಟಿಪುಸ್ತಕ ಹೊರಬರುತ್ತದೆ. ಅದರಲ್ಲಿ ಬರೆಯುವುದು ಅಪ್ಪಯ್ಯ ಮಾತ್ರ, ‘ಕಾಳುಮೆಣಸು’ ಎಂದು ಐದೂ ಅಕ್ಷರ ಬಿಡಿಸಿ.