ಏರಿಯೇಟರಿನ ಕಸುವು ಅಳೆಯಲು ಸಲ್ಫೈಟ್–ಕೋಬಾಲ್ಟ್ ಪರೀಕ್ಷೆ

ಕುಮಟಾ, ಅಂಕೋಲಾ ಕಡೆಯ ಸಿಗಡಿ ಹೊಂಡಗಳಿಗೆ ಪ್ಯಾಡಲ್‌ವೀಲ್ ಏರಿಯೇಟರ್ (ಚಕ್ರದಿಂದ ನೀರು ಚಿಮ್ಮಿಸಿ ಗಾಳಿ ಬೆರೆಸುವ ಯಂತ್ರ) ಕೊಳ್ಳುವಾಗ ಎಲ್ಲರೂ ಕೇಳುವುದು ಎಷ್ಟು ಎಚ್‌ಪಿ ಎಂದು. ಕೇಳಬೇಕಾದ್ದು ಗಂಟೆಗೆ ಎಷ್ಟು ಆಮ್ಲಜನಕ ನೀರಿಗೆ ಇಳಿಸುತ್ತದೆ ಎಂದು. ಅದನ್ನು ಅಳೆಯಲು ನೀರಿನ ಆಮ್ಲಜನಕವನ್ನು ಮೊದಲು ಸೊನ್ನೆಗೆ ತಂದು, ಆಮೇಲೆ ಏರುವ ವೇಗ ನೋಡಬೇಕು. ಸೊನ್ನೆಗೆ ತರುವುದು ಆಮ್ಲಜನಕ ನುಂಗುವ ಸೋಡಿಯಂ ಸಲ್ಫೈಟ್, ಅದನ್ನು ಚುರುಕುಗೊಳಿಸುವುದು ಕೋಬಾಲ್ಟ್.

ಸಿಗಡಿ ಇಲ್ಲದ ಟ್ಯಾಂಕ್ ಬೇಕು. ನೀರು ಸಿಹಿನೀರಾಗಿರಲಿ, ಉಪ್ಪುನೀರಿನಲ್ಲಿ ಬಂದ ಅಂಕಿಯನ್ನು ಬೇರೆಯದರ ಜತೆ ಹೋಲಿಸಲಾಗದು. ಇಲ್ಲಿನ ಚಿರೆಕಲ್ಲಿನ ಬಾವಿನೀರು ಸಾಮಾನ್ಯವಾಗಿ ತುಸು ಹುಳಿ. ಹುಳಿ ನೀರಿನಲ್ಲಿ ಈ ಕ್ರಿಯೆ ನಿಧಾನ. ಪಿಎಚ್ 7.5ರಿಂದ 8ರ ಆಸುಪಾಸಿಗೆ ಬರುವಷ್ಟು ಅಡುಗೆ ಸೋಡಾ ಬೆರೆಸಿ.

50,000 ಲೀಟರ್ ಟ್ಯಾಂಕಿನ ಲೆಕ್ಕ: 30 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 7.5 ಮಿ.ಗ್ರಾಂ, ಅಂದರೆ ಒಟ್ಟು 375 ಗ್ರಾಂ ಆಮ್ಲಜನಕ. ಒಂದು ಗ್ರಾಂ ಆಮ್ಲಜನಕ ತೆಗೆಯಲು 7.9 ಗ್ರಾಂ ಸೋಡಿಯಂ ಸಲ್ಫೈಟ್ ಸಾಕು, ಆದರೆ ಕಲಕುವಾಗಲೂ ಗಾಳಿ ಸೇರುವುದರಿಂದ 10 ಗ್ರಾಂ ಹಿಡಿಯಿರಿ. ಹಾಗಾಗಿ ಸಲ್ಫೈಟ್ 3.75 ಕೆ.ಜಿ. ಬೇಕು. ಕೋಬಾಲ್ಟ್ ಕ್ಲೋರೈಡ್ (ಕೆಂಪು ಹರಳು) 20 ಗ್ರಾಂ ಸಾಕು, ಲೀಟರಿಗೆ 0.1 ಮಿ.ಗ್ರಾಂ ಕೋಬಾಲ್ಟ್ ಆಗುತ್ತದೆ.

ಇಷ್ಟು ಕಡಿಮೆ ಲೋಹದ ಮೇಲೇ ಇಡೀ ಪರೀಕ್ಷೆ ನಿಂತಿದೆ. ಕೋಬಾಲ್ಟ್ ಸಲ್ಫೈಟಿನಿಂದ ಇಲೆಕ್ಟ್ರಾನ್ ಕಿತ್ತು ಸರಪಳಿ ಕ್ರಿಯೆ ಹೊತ್ತಿಸುತ್ತದೆ, ತಾನು ಖರ್ಚಾಗುವುದಿಲ್ಲ. ಅದಿಲ್ಲದಿದ್ದರೆ ಸಲ್ಫೈಟ್ ಕುಂಟುತ್ತಾ ಉರಿಯುತ್ತದೆ. ಆಮ್ಲಜನಕ ಅಳೆಯುವ ಮೀಟರ್ ಏರುತ್ತಿರುವಾಗಲೂ ಉಳಿದ ಸಲ್ಫೈಟ್ ಆಮ್ಲಜನಕ ನುಂಗುತ್ತಲೇ ಇರುತ್ತದೆ, ಒಳ್ಳೆಯ ಯಂತ್ರವೂ ಸೋತಂತೆ ಕಾಣುತ್ತದೆ.

ಕೋಬಾಲ್ಟನ್ನು ಬಕೆಟ್ಟಿನಲ್ಲಿ ಕರಗಿಸಿ ಸುರಿದು, ಏರಿಯೇಟರ್ ಅರ್ಧ ಗಂಟೆ ಓಡಿಸಿ. ಆಮೇಲೆ ಬೇರೆ ಬಕೆಟ್ಟುಗಳಲ್ಲಿ ಕರಗಿಸಿದ ಸಲ್ಫೈಟನ್ನು ಟ್ಯಾಂಕಿನ ಸುತ್ತ ಹರಡಿ. ಎರಡನ್ನೂ ಒಂದೇ ಬಕೆಟ್ಟಿಗೆ ಹಾಕಿದರೆ ಸಲ್ಫೈಟ್ ಅಲ್ಲೇ ಸತ್ತುಹೋಗುತ್ತದೆ. ಕೆಲವೇ ನಿಮಿಷದಲ್ಲಿ ಮೀಟರ್ ಸೊನ್ನೆಗೆ ಬರಬೇಕು.

ಬರದಿದ್ದರೆ ಮೊದಲ ಅನುಮಾನ ಸಲ್ಫೈಟಿನ ಮೇಲೆ. ನಮ್ಮ ಮಳೆಗಾಲದ ತೇವಕ್ಕೆ ಬಾಯಿ ತೆರೆದಿಟ್ಟ ಚೀಲ ಕ್ರಮೇಣ ಸಲ್ಫೇಟ್ ಆಗುತ್ತದೆ, ನೋಡಲು ಬಿಳಿ ಪುಡಿಯೇ. ಚಿಟಿಕೆ ಪುಡಿಯನ್ನು ನೀರಲ್ಲಿ ಕರಗಿಸಿ ಗಾಯಕ್ಕೆ ಹಚ್ಚುವ ಅಯೋಡಿನ್ ಹನಿ ಬಿಡಿ: ಬಣ್ಣ ಮಾಯವಾಗದಿದ್ದರೆ ಆ ಚೀಲ ಕೆಲಸಕ್ಕೆ ಬಾರದು. ಸಿಗಡಿ ಕಪ್ಪಾಗದಂತೆ ಬಳಸುವ ಮೆಟಾಬೈಸಲ್ಫೈಟ್ ಕೈಗೆಟಕುತ್ತದೆಂದು ಅದನ್ನು ಹಾಕಬೇಡಿ, ನೀರು ಹುಳಿಯಾಗಿ ಉಸಿರುಕಟ್ಟಿಸುವ ಗಾಳಿ ಏಳುತ್ತದೆ.

ಅಳತೆಗೆ ಮೀಟರೇ ಬೇಕು. ಅಯೋಡಿನ್ ಬಳಸಿ ಆಮ್ಲಜನಕ ಅಳೆಯುವ ವಿಂಕ್ಲರ್ ಟೈಟ್ರೇಶನ್ನಿನಲ್ಲಿ ಉಳಿಕೆ ಸಲ್ಫೈಟ್ ಅಯೋಡಿನ್ನನ್ನೇ ತಿನ್ನುತ್ತದೆ. ಮೀಟರಿನ ಪ್ರೋಬನ್ನು ಗುಳ್ಳೆಯ ಬಾಯಿಗೆ ಹಿಡಿಯದೆ, ಎರಡು ಮೂಲೆಗಳಲ್ಲಿ ಇಡಿ. ಸ್ಯಾಚುರೇಶನ್ನಿನ (ಆ ಬಿಸಿಯಲ್ಲಿ ನೀರು ಹಿಡಿಯಬಲ್ಲ ಪೂರ್ತಿ ಆಮ್ಲಜನಕದ) ಶೇ. 10ರಿಂದ 70ಕ್ಕೆ ಏರಲು ಹಿಡಿದ ಸಮಯ ಬರೆದುಕೊಳ್ಳಿ. 22 ನಿಮಿಷ ಎನ್ನೋಣ: 1.1ನ್ನು (ಕೊರತೆ ಶೇ. 90ರಿಂದ 30ಕ್ಕೆ ಇಳಿಯುವುದರಿಂದ 3ರ ಸ್ವಾಭಾವಿಕ ಲಾಗರಿದಮ್) 0.367 ಗಂಟೆಯಿಂದ ಭಾಗಿಸಿದರೆ 3.0. 30 ಡಿಗ್ರಿಯ ಅಂಕಿಯನ್ನು 20 ಡಿಗ್ರಿಗೆ ತರಲು 1.27ರಿಂದ ಭಾಗಿಸಿ, 2.36. ಅದನ್ನು 9.09 (20 ಡಿಗ್ರಿಯಲ್ಲಿ ಲೀಟರ್ ನೀರು ಹಿಡಿಯುವ ಆಮ್ಲಜನಕ, ಮಿ.ಗ್ರಾಂನಲ್ಲಿ) ಮತ್ತು ಟ್ಯಾಂಕಿನ 50 ಘನಮೀಟರಿನಿಂದ ಗುಣಿಸಿ 1000ದಿಂದ ಭಾಗಿಸಿದರೆ ಗಂಟೆಗೆ ಸುಮಾರು 1.07 ಕೆ.ಜಿ. ಆಮ್ಲಜನಕ. ಹೊಂಡದಲ್ಲಿ ಇದರ ಅರ್ಧವೂ ಸಿಗದು, ಅಲ್ಲಿ ಆಮ್ಲಜನಕ ಆಗಲೇ ಲೀಟರಿಗೆ 4 ಮಿ.ಗ್ರಾಂ ಇರುತ್ತದೆ, ನೀರೂ ಉಪ್ಪು.

ಮತ್ತೊಂದು ಯಂತ್ರ ಪರೀಕ್ಷಿಸಲು ಅದೇ ನೀರು ಸಾಕು, ಸಲ್ಫೈಟ್ ಮಾತ್ರ ಹೊಸದು. ಕೋಬಾಲ್ಟ್ ವಿಷ: ಕೈಗೆ ಗ್ಲೌಸ್ ಇರಲಿ, ಆ ನೀರನ್ನು ಗಜನಿಗಾಗಲಿ (ಕರಾವಳಿಯ ಉಪ್ಪುನೀರಿನ ಗದ್ದೆ) ಹೊಳೆಗಾಗಲಿ ಬಿಡಬೇಡಿ.